ದೀಪ ಹಚ್ಚಿದ ಮೇಲಿನ ಕಸ

ಊರ ನಡುಮಧ್ಯದಲ್ಲಿ, ಒಂದಾದ ಮೇಲೊಂದರಂತೆ ಎಸ್ಕಲೇಟರ್ ಇಳಿದರೆ ಸಿಗುವ ಆಳದಲ್ಲಿ, ಹಸಿರು ಲೈನೂ ನೇರಳೆ ಲೈನೂ ಒಂದನ್ನೊಂದು ದಾಟುವ ಮೆಟ್ರೋ ನಿಲ್ದಾಣವಿದೆ. ಅದರ ಪೂರ್ತಿ ಹೆಸರನ್ನು ಧ್ವನಿವರ್ಧಕದ ಹೆಂಗಸು ಎರಡು ಭಾಷೆಯಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಬಾಗಿಲು ತೆರೆದು, ಜನ ನುಗ್ಗಿ, ಯಾರದೋ ಒಂದು ಚಪ್ಪಲಿ ಒಳಗೂ ಇನ್ನೊಂದು ಹೊರಗೂ ಉಳಿದು, ಬಾಗಿಲು ಮುಚ್ಚಿಯೂ ಆಗಿರುತ್ತದೆ. ಆದ್ದರಿಂದ ಶೆಟ್ಟಿಹಳ್ಳಿಯ ಮುನಿಯಲ್ಲಮ್ಮ ಅದನ್ನು ‘ಕೆಳಗಡೆ’ ಎಂದಷ್ಟೇ ಕರೆಯುವುದು. ಎಲ್ಲಿ ಕೆಲಸ ಎಂದರೆ, “ಕೆಳಗಡೆ.” ಕೇಳಿದವರು ಯಾವುದೋ ಅಪಾರ್ಟ್‌ಮೆಂಟಿನ ಕಾರು ನಿಲ್ಲಿಸುವ ಜಾಗ ಅಂದುಕೊಂಡು ಸುಮ್ಮನಾಗುತ್ತಾರೆ.

ಮುನಿಯಲ್ಲಮ್ಮ ಅಲ್ಲಿ ಕಸ ಗುಡಿಸುತ್ತಾಳೆ. ಕಸಬು ಎಂಬ ಮಾತಿನಲ್ಲಿ ಮೂರರಲ್ಲಿ ಎರಡು ಪಾಲು ಕಸವೇ ಇದೆ ಎಂದು ನಾನೊಮ್ಮೆ ಆಕೆಗೆ ಹೇಳಿದ್ದೆ. “ಉಳಿದ ಒಂದ್ ಪಾಲು ಬೈಗುಳ ಕಣಕ್ಕ” ಎಂದಳು. ಅಲ್ಲಿಂದ ಮುಂದೆ ಆಕೆಯ ಎದುರು ನಾನು ಮಾತಿನ ಚಮತ್ಕಾರ ಮಾಡುವಾಗ ಸ್ವಲ್ಪ ಹುಷಾರಾಗಿರುತ್ತೇನೆ.

ಆಕೆಗೆ ಐವತ್ತೆಂಟು. ಗಂಡನ ಕಡೆಯವರು ಶೆಟ್ಟಿಹಳ್ಳಿ ನಿಜಕ್ಕೂ ಹಳ್ಳಿಯಾಗಿದ್ದ ಕಾಲದಿಂದ ಅಲ್ಲಿಯವರು. ರಾಗಿ, ಅವರೆ, ಹುರುಳಿ ಬೆಳೆದವರು. ಅಣ್ಣತಮ್ಮಂದಿರು ಪಾಲು ಮಾಡಿಕೊಂಡಾಗ ಮೈದುನ ಚಿಕ್ಕಮುನಿಯಪ್ಪನಿಗೆ ರಸ್ತೆ ಕಡೆಯ ಜಮೀನು ಬಂತು, ಇವರಿಗೆ ಹಳ್ಳದ ಕಡೆಯದು. ರಸ್ತೆ ಅಗಲವಾಯಿತು, ಹಳ್ಳ ಹಳ್ಳವಾಗಿಯೇ ಉಳಿಯಿತು. ಈಗ ಚಿಕ್ಕಮುನಿಯಪ್ಪ ನಾಲ್ಕು ಮಹಡಿ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದಾನೆ. ಅದರ ಹಿಂದೆ, ನೀರಿನ ಟ್ಯಾಂಕಿಗೂ ಕಾಂಪೌಂಡಿಗೂ ನಡುವೆ ಸಿಕ್ಕಿಹಾಕಿಕೊಂಡಿರುವ ಎರಡು ಕೋಣೆಯ ಹಳೇ ಮನೆ ಮುನಿಯಲ್ಲಮ್ಮನದು. ಮುಂದಿನ ಕಟ್ಟಡದ ಎರಡನೇ ಮಹಡಿಯಲ್ಲಿ ಬಾಡಿಗೆಗೆ ಇರುವವಳು ನಾನು. ನನ್ನ ಅಡುಗೆಮನೆಯ ಕಿಟಕಿ ತೆರೆದರೆ ಆಕೆಯ ಹೊಸಿಲು ಕಾಣುತ್ತದೆ.

ಈ ಹೊಸಿಲೇ ಎಲ್ಲ ತಾಪತ್ರಯಕ್ಕೂ ಮೂಲ.

ಗಂಡ ತೀರಿಕೊಂಡು ಒಂಬತ್ತು ವರ್ಷ. ಮಗ ವಾಸು ಟ್ಯಾಕ್ಸಿ ಓಡಿಸುತ್ತಾನೆ, ಮನೆಗೆ ಬರುವುದು ಏರ್‌ಪೋರ್ಟಿನ ವಿಮಾನಗಳ ಇಷ್ಟಕ್ಕೆ ಬಿಟ್ಟದ್ದು. ಸೊಸೆ ಸರಳಾ ಗಾರ್ಮೆಂಟ್ಸ್‌ನಿಂದ ಬರುವಾಗ ಎಂಟು ದಾಟಿರುತ್ತದೆ. ಮೊಮ್ಮಗಳ ಹೆಸರು ಇಂದು, ಮೂರನೇ ಕ್ಲಾಸು. ಸ್ಕೂಲಿನಿಂದ ನೇರ ಟ್ಯೂಷನ್ನಿಗೆ ಹೋಗಿ, ಅಮ್ಮ ಬರುವವರೆಗೂ ಅಲ್ಲೇ ಇರುತ್ತಾಳೆ. ಮುನಿಯಲ್ಲಮ್ಮನದು ಸಂಜೆ ಪಾಳಿ, ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತು. ಅಂದರೆ ಹೊತ್ತು ಮುಳುಗುವ ಸಮಯಕ್ಕೆ ಆ ಮನೆಗೆ ಬೀಗ. ಎರಡು ವರ್ಷದಿಂದ ಆ ಹೊಸಿಲಲ್ಲಿ ಮುಸ್ಸಂಜೆ ದೀಪ ಉರಿದಿಲ್ಲ, ಆಕೆಯ ವಾರದ ರಜೆಯ ದಿನ ಬಿಟ್ಟರೆ.

“ದಿನಾ ಸಂಜೆ ಲಕ್ಸ್ಮಿ ಬೀದಿಲಿ ಓಗ್ತಾಳೆ ಕಣಕ್ಕ,” ಎಂದು ಆಕೆ ನನಗೆ ವಿವರಿಸಿದ್ದಳು, ಹಾಲಿನವನ ವೇಳೆ ಹೇಳಿದಷ್ಟೇ ಖಚಿತವಾಗಿ. “ದೀಪ ಇರೋ ಮನೇಗ್ ಒಯ್ತಾಳೆ. ಬೀಗ ಆಕಿರೋ ಬಾಗ್ಲಿಗೆ ಬಂದು ಬೆಲ್ ಒತ್ಕಂಡು ನಿಂತಿರ್ತಾಳಾ? ಮುಂದಿನ ಮನೆ ನಮ್ ಮೈದುನಂದು. ಅಲ್ಲಿ ನಾಕು ಮಹಡಿಗೂ ಲೈಟು. ಸೀದಾ ಅಲ್ಲಿಗೇ ಒಯ್ತಾಳೆ. ಇಪ್ಪತ್ ವರ್ಸದಿಂದ ಅಲ್ಲಿಗೇ ಓಗಿ ಅಭ್ಯಾಸ ಬೇರೆ ಆಗೋಗದೆ.”

ಹೀಗಾಗಿ ಆಕೆಗೆ ಬೇಕಾಗಿದ್ದು ಒಂದೇ: ಬೆಳಗಿನ ಪಾಳಿ. ಸಂಬಳ ಅದೇ, ಪೊರಕೆ ಅದೇ, ಬೈಗುಳವೂ ಅದೇ. ಮಧ್ಯಾಹ್ನ ಮನೆಗೆ ಬಂದು, ಮುಖ ತೊಳೆದು, ಹೊತ್ತು ಮುಳುಗುವಾಗ ಹೊಸಿಲಿಗೆ ಒಂದು ದೀಪ ಇಡುವುದು. ಈ ಒಂದು ದೀಪಕ್ಕೋಸ್ಕರ ಎರಡು ವರ್ಷದಲ್ಲಿ ಆಕೆ ನಾಲ್ಕು ಅರ್ಜಿ ಕೊಟ್ಟಿದ್ದಳು. ನಾಲ್ಕನ್ನೂ ಬರೆದವಳು ನಾನೇ. ಮೊದಲನೆಯದನ್ನು ಕನ್ನಡದಲ್ಲಿ ಬರೆದೆ. ಗುತ್ತಿಗೆ ಕಂಪನಿಯ ಸೂಪರ್‌ವೈಸರ್ ಸತೀಶ್, ಇಂಗ್ಲಿಷಿನಲ್ಲಿ ಬೇಕು ಅಂದ. ಎರಡನೆಯದನ್ನು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದ ಇಂಗ್ಲಿಷನ್ನೆಲ್ಲ ಸುರಿದು ಬರೆದೆ. ಅವನು ಅದನ್ನು ಎರಡು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿ, “ಅರ್ಥ ಆಗೋ ಇಂಗ್ಲಿಷಲ್ಲಿ ಬರೆಸ್ಕೊಂಡ್ ಬನ್ನಿ” ಅಂದ. ಮೂರನೆಯದು ಕಳೆದುಹೋಯಿತು. ನಾಲ್ಕನೆಯದು ‘ಸಿಸ್ಟಮ್ಮಿನಲ್ಲಿದೆ’. ಸಿಸ್ಟಮ್ಮಿನೊಳಗೆ ಹೋದದ್ದು ಹೊರಗೆ ಬಂದ ಇತಿಹಾಸವಿಲ್ಲ.

ಸತೀಶನಿಗೂ ಮುನಿಯಲ್ಲಮ್ಮನಿಗೂ ಹೊಂದದೇ ಇರುವುದಕ್ಕೆ ಇನ್ನೊಂದು ಕಾರಣವಿತ್ತು. ಅದನ್ನು ನಾನು ದಿನಾ ಕಣ್ಣಾರೆ ನೋಡುತ್ತಿದ್ದೆ. ನನ್ನ ಆಫೀಸು ನೇರಳೆ ಲೈನಿನಲ್ಲಿ, ಮನೆ ಹಸಿರು ಲೈನಿನ ಜಾಲಹಳ್ಳಿಯ ಹತ್ತಿರ. ಬೆಳಿಗ್ಗೆ ಒಂಬತ್ತಕ್ಕೂ ಸಂಜೆ ಆರೂವರೆಗೂ ಈ ‘ಕೆಳಗಡೆ’ ಇಳಿದು ಲೈನು ಬದಲಿಸಲೇಬೇಕು. ಸಂಜೆ ಮಂಡಿ ನೋವಿಗೆ ಐದು ನಿಮಿಷ ಮುನಿಯಲ್ಲಮ್ಮನ ಹತ್ತಿರ ನಿಲ್ಲುತ್ತಿದ್ದೆ. ಆಕೆಗೆ ಹಂಚಿದ್ದು ಸಿ ಗೇಟಿನ ಮೆಟ್ಟಿಲು ಮತ್ತು ಅದರ ಬುಡದ ಜಾಗ. ಆಕೆ ಅದನ್ನು ಕನ್ನಡಿಯ ಹಾಗೆ ಗುಡಿಸುತ್ತಿದ್ದಳು. ಆದರೆ ಗುಡಿಸಿದ ಕಸವನ್ನು ಕಪ್ಪು ಚೀಲಕ್ಕೆ ತುಂಬದೆ, ಮೆಟ್ಟಿಲ ಬುಡದ ಮೂಲೆಯಲ್ಲಿ ಸಣ್ಣ ಗುಡ್ಡೆ ಮಾಡಿ ಬಿಟ್ಟುಬಿಡುತ್ತಿದ್ದಳು.

ದೀಪ ಹಚ್ಚಿದ ಮೇಲೆ ಗುಡಿಸಬಾರದು. ಗುಡಿಸಲೇಬೇಕಾಗಿ ಬಂದರೆ ಆ ಕಸ ಹೊರಗೆ ಹಾಕಬಾರದು, ಮೂಲೆಯಲ್ಲಿಟ್ಟು ಬೆಳಿಗ್ಗೆ ಎತ್ತಬೇಕು. ಆಕೆಯ ಅತ್ತೆ ಹೇಳಿದ್ದು, ಅತ್ತೆಗೆ ಅವರತ್ತೆ ಹೇಳಿದ್ದು. ನಾನು ಒಂದು ಸಲ ತರ್ಕ ಹೂಡಿ ನೋಡಿದೆ.

“ಇಲ್ಲಿ ದೀಪ ಹಚ್ಚೋದೇ ಇಲ್ವಲ್ಲ ಮುನಿಯಲ್ಲಮ್ಮ, ಹಗಲೂ ರಾತ್ರಿ ಉರೀತಾನೇ ಇರುತ್ತೆ. ಹಚ್ಚದೇ ಇರೋ ದೀಪಕ್ಕೆ ‘ಹಚ್ಚಿದ ಮೇಲೆ’ ಅನ್ನೋದು ಎಲ್ಲಿಂದ ಬಂತು?”

“ನೀವು ಇಂಗ್ಲಿಸ್ ಸ್ಕೂಲ್ನಾಗೆ ಓದಿರೋರು, ನಿಮ್ಗೆ ಬಲ್ಬಿನ ಲೆಕ್ಕ. ನಂಗೆ ಒತ್ತಿನ ಲೆಕ್ಕ.”

“ಇಷ್ಟು ಕೆಳಗೆ ಹೊತ್ತು ಮುಳುಗೋದು ಹೆಂಗ್ರೀ ಗೊತ್ತಾಗುತ್ತೆ?”

“ಇಲ್ಲಿ ಬನ್ನಿ,” ಎಂದು ಮೆಟ್ಟಿಲ ಬುಡಕ್ಕೆ ಕರೆದು ತಲೆ ಎತ್ತಿಸಿದಳು. ತುದಿಯಲ್ಲಿ, ಇಳಿದು ಬರುವ ತಲೆಗಳ ಮೇಲೆ, ಕರ್ಚೀಫಿನಷ್ಟು ಆಕಾಶ. “ಅದು ಅರಿಸ್ನದಿಂದ ಕುಂಕುಮಕ್ ತಿರುಗ್ತು ಅಂದ್ರೆ ಮುಗೀತು. ಗುಡ್ಸೋದು ಒಟ್ಟೆಪಾಡು, ಗುಡುಸ್ತೀನಿ. ಆಚ್ಗಾಕೋದು ಮಾತ್ರ ನನ್ ಕೈಲಾಗಲ್ಲ. ಬೆಳ್ಗಾನ ಮೂಲೇಲಿದ್ರೆ ಅದೇನ್ ಅನ್ನ ಕೇಳ್ತದಾ, ನೀರ್ ಕೇಳ್ತದಾ?”

ಅನ್ನ ನೀರು ಕೇಳದಿದ್ದರೂ ಆ ಗುಡ್ಡೆ ಫೋಟೋ ಮಾತ್ರ ತೆಗೆಸಿಕೊಳ್ಳುತ್ತಿತ್ತು. ರಾತ್ರಿ ಹತ್ತಕ್ಕೆ ಇಡೀ ನಿಲ್ದಾಣದ ಕಸದ ಚೀಲಗಳು ಲಾರಿ ಹತ್ತಿ ಹೋಗುತ್ತಿದ್ದವು; ರಾತ್ರಿ ನೆಲ ತೊಳೆಯುವ ಯಂತ್ರ ಮೆಟ್ಟಿಲ ಮೂಲೆಗೆ ಬರುತ್ತಿರಲಿಲ್ಲ; ಬೆಳಗಿನ ಪಾಳಿಯ ಈರವ್ವ ಉಳಿದ ಜಾಗವನ್ನೆಲ್ಲ ಮುಗಿಸಿ ಸಿ ಗೇಟಿಗೆ ಬರುವಾಗ ಒಂಬತ್ತು ದಾಟುತ್ತಿತ್ತು. ಸತೀಶ್ ಬರುವುದು ಎಂಟೂವರೆಗೆ. ಅವನು ಸೂಪರ್‌ವೈಸರ್, ವೈಸ್ ಅಲ್ಲದಿದ್ದರೂ ಸೂಪರಾಗಿ ಫೋಟೋ ತೆಗೆಯುತ್ತಿದ್ದ. ಗುಡ್ಡೆಯ ಸುತ್ತ ಕೆಂಪು ವೃತ್ತ ಎಳೆದು, ಕೆಳಗೆ ‘ಏನಿದು???’ ಎಂದು ಬರೆದು ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದ. ಮುನಿಯಲ್ಲಮ್ಮನ ಫೋನಿಗೆ ವಾಟ್ಸಾಪು ಬರುವುದಿಲ್ಲ. ಸೊಸೆಯ ಫೋನಿನಲ್ಲಿ ಬಂದದ್ದನ್ನು ಇಂದು ಓದಿ ಹೇಳುತ್ತಿದ್ದಳು.

“ಅಜ್ಜಿ, ಇವತ್ತೂ ‘ಏನಿದು’ ಅಂತ ಕೇಳವ್ರೆ.”

“ಕಸ ಅಂತ ಏಳು. ದಿನಾ ಅದುನ್ನೇ ಏನ್ ಕೇಳೋದು?”

ಹೀಗೇ ನಡೆದಿರುವಾಗ, ಏಪ್ರಿಲಿನಲ್ಲಿ ಬೆಳಗಿನ ಪಾಳಿಯ ಹೆಂಗಸೊಬ್ಬಳು ಕೆಲಸ ಬಿಟ್ಟಳು. ಜಾಗ ಖಾಲಿ. ಸತೀಶ್ ಮುನಿಯಲ್ಲಮ್ಮನನ್ನು ಕರೆದ. ಆಗ ನಾನೂ ಅಲ್ಲೇ ನಿಂತಿದ್ದೆ, ಮಂಡಿ ನೀವಿಕೊಳ್ಳುತ್ತಾ.

“ನೋಡಿ ಅಮ್ಮಾ, ಬೆಳಿಗ್ಗೆ ಶಿಫ್ಟ್ ಬೇಕಾ, ಬೇಡ್ವಾ?”

“ಬೇಕು ಅಂತ ನಾಕ್ ಕಿತ ಬರ್ಸ್ ಕೊಟ್ಟಿವ್ನಲ್ಲ ಸಾರ್.”

“ಬರೆಸೋದ್ ಬೇಡ. ಒಂದ್ ವಾರ, ಏಳೇ ಏಳು ದಿನ, ಈ ಮೂಲೆ ನಂಗೆ ಕ್ಲೀನ್ ಫೋಟೋ ಕೊಡ್ಬೇಕು. ಮುಂದಿನ ಬುಧವಾರ ಮ್ಯಾನೇಜರ್ ಬರ್ತಾರೆ. ಏಳು ಫೋಟೋ ತೋರ್ಸಿ ಅಲ್ಲೇ ಸೈನ್ ಹಾಕಿಸ್ಕೊಡ್ತೀನಿ. ಒಂದು ಗುಡ್ಡೆ ಕಂಡ್ರೂ ಕ್ಯಾನ್ಸಲ್. ಆಮೇಲೆ ನನ್ನ ಬೈಕೋಬೇಡಿ.”

“ಬೈಯಾಕಿಲ್ಲ ಬುಡಿ” ಎಂದಳು ಮುನಿಯಲ್ಲಮ್ಮ. ಅವನು ಹೋದ ಮೇಲೆ ಚೆನ್ನಾಗಿಯೇ ಬೈದಳು.

ಅಂದು ಸಂಜೆ ಆಕೆಯ ಪರದಾಟ ನೋಡಲಾಗುತ್ತಿರಲಿಲ್ಲ. ಆಕಾಶ ಕುಂಕುಮಕ್ಕೆ ತಿರುಗಿತ್ತು. ಮೊರದಂಥ ತಗಡಿಗೆ ಕಸ ತುಂಬಿಕೊಂಡಿದ್ದಳು: ಮಲ್ಲಿಗೆ ಎಸಳು, ಕಡಲೆಕಾಯಿ ಸಿಪ್ಪೆ, ಮೇಲಿನ ಬಸ್‌ಸ್ಟ್ಯಾಂಡಿನಿಂದ ಇಳಿದುಬಂದ ಬಸ್ ಟಿಕೆಟುಗಳು, ಒಂದು ತಲೆಪಿನ್ನು. ಕಪ್ಪು ಚೀಲದ ಬಾಯಿ ತೆರೆದು ಹಿಡಿದಳು. ಕೈ ಮುಂದಕ್ಕೆ ಹೋಯಿತು, ಹಿಂದಕ್ಕೆ ಬಂತು, ಮತ್ತೆ ಹೋಯಿತು.

“ಹಾಕಿ ಮುನಿಯಲ್ಲಮ್ಮ,” ಎಂದೆ. “ಇದು ಸರ್ಕಾರಿ ಕಸ. ನಿಮ್ಮ ಮನೆ ಲಕ್ಷ್ಮಿಗೂ ಇದಕ್ಕೂ ಸಂಬಂಧ ಇಲ್ಲ.”

“ಸಂಬಳ ಇಲ್ಲಿಂದ್ಲೇ ತಾನೆ ಬರೋದು?”

ಆಕೆ ಸುತ್ತ ನೋಡಿದಳು. ಗೋಡೆಗೆ ಒರಗಿ ಹಳದಿ ಬೋರ್ಡೊಂದು ಇತ್ತು. ನೆಲ ಒರೆಸಿದಾಗ ಇಡುವುದು, ಡೇರೆಯಂತೆ ಎರಡು ಕಾಲು ಚಾಚಿ ನಿಲ್ಲುವಂಥದ್ದು, ಮೈಮೇಲೆ ಜಾರಿ ಬೀಳುವ ಮನುಷ್ಯನ ಚಿತ್ರ. ಮುನಿಯಲ್ಲಮ್ಮ ಕಸವನ್ನು ಮೂಲೆಗೆ ಸುರಿದು, ಕೋಳಿಮರಿಗೆ ಮಂಕರಿ ಕವುಚುವ ಹಾಗೆ ಅದರ ಮೇಲೆ ಬೋರ್ಡು ನಿಲ್ಲಿಸಿದಳು. ಎರಡು ಪಕ್ಕದ ಸಂದಿಗೆ ಹಳೇ ನೆಲ ಒರೆಸುವ ಬಟ್ಟೆ ಮಡಿಸಿ ಇಟ್ಟಳು. ಬೆಳಿಗ್ಗೆ ಒಂಬತ್ತಕ್ಕೆ ಈರವ್ವ ಬಂದು ಬೋರ್ಡೆತ್ತಿ ಕಸ ಸಾಗಿಸಬೇಕೆಂದು ಫೋನಿನಲ್ಲೇ ಒಪ್ಪಂದವಾಯಿತು.

ಆರು ದಿನ ಫೋಟೋಗಳು ಬಂದವು. ಹೊಳೆಯುವ ನೆಲ, ಹಳದಿ ಬೋರ್ಡು. ಕೆಂಪು ವೃತ್ತವಿಲ್ಲ. ಆರನೆಯ ದಿನ ಸತೀಶ್ ಹೆಬ್ಬೆರಳಿನ ಗುರುತು ಕೂಡ ಹಾಕಿದ. “ಅಜ್ಜಿ, ಹೆಬ್ಬೆಟ್ಟು ಒತ್ತವ್ರೆ” ಎಂದು ಇಂದು ಓದಿ ಹೇಳಿದಳಂತೆ.

ಬುಧವಾರ ಬೆಳಿಗ್ಗೆ ಆಧಾರ್ ಪ್ರತಿ ಹಿಡಿದುಕೊಂಡು ಮುನಿಯಲ್ಲಮ್ಮ ನನ್ನ ಜೊತೆಗೇ ರೈಲು ಹತ್ತಿದಳು. ಪಾಳಿ ಬದಲಿಸುವ ಕಾಗದಕ್ಕೆ ಬೇಕು ಎಂದು ಸತೀಶ್ ಹೇಳಿದ್ದ. ದಾರಿಯುದ್ದಕ್ಕೂ ಎಳ್ಳೆಣ್ಣೆ ಒಳ್ಳೆಯದೋ ತುಪ್ಪವೋ ಎಂಬ ಮಾತು. ಹಿತ್ತಾಳೆ ದೀಪವನ್ನು ಹಿಂದಿನ ದಿನವೇ ಹುಣಸೆಹಣ್ಣು ಹಾಕಿ ಬೆಳಗಿಟ್ಟಿದ್ದಳು.

ನಾವು ಸಿ ಗೇಟಿನ ಹತ್ತಿರ ಬಂದಾಗ ಒಂಬತ್ತಕ್ಕೆ ಹತ್ತು ನಿಮಿಷ. ಮ್ಯಾನೇಜರ್ ಪಂಚಪ್ಪ ಆಗಲೇ ಬಂದು ನಿಂತಿದ್ದರು. ದಪ್ಪ ಮೀಸೆ, ಕೈಯಲ್ಲಿ ಪ್ಯಾಡು. ಅವರು ಬಗ್ಗಿ ನೆಲವನ್ನು ಬೆರಳಿನಿಂದ ಒತ್ತಿದರು.

“ಸತೀಶ್, ನೆಲ ಒಣಗಿದೆಯಲ್ಲ?”

“ಹೌದು ಸಾರ್, ಫುಲ್ ಡ್ರೈ!”

“ಮತ್ತೆ ಒದ್ದೆ ಬೋರ್ಡ್ ಯಾಕಿದೆ?”

ಸತೀಶ್ ತನ್ನ ಫೋನಿನಲ್ಲಿದ್ದ ಏಳೂ ಫೋಟೋಗಳನ್ನು ಮನಸ್ಸಿನಲ್ಲೇ ಮತ್ತೆ ನೋಡಿದಂತೆ ಕಂಡಿತು. ಹೋಗಿ ಬೋರ್ಡೆತ್ತಿದ. ಕೆಳಗೆ ಗುಡ್ಡೆ, ಗೋಪುರದ ಹಾಗೆ ಅಂದವಾಗಿ.

“ಏನಿದು?” ಎಂದ. ಈ ಸಲ ಬಾಯಲ್ಲೇ, ಮೂರು ಪ್ರಶ್ನಾರ್ಥಕ ಚಿಹ್ನೆಯೂ ಕೇಳಿಸುವ ಹಾಗೆ.

ಮುನಿಯಲ್ಲಮ್ಮ ಆಧಾರ್ ಪ್ರತಿಯನ್ನು ಮಡಿಸಿ, ಮತ್ತೆ ಮಡಿಸಿ, ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡಳು. “ಕಸ ಸಾರ್” ಎಂದಳು ಸಣ್ಣ ದನಿಯಲ್ಲಿ.

ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಭಾರಿ ಗದ್ದಲ ಕೇಳಿಸಿತು. ಗದ್ದಲ ಮಾಡುತ್ತಿದ್ದವರು ಒಬ್ಬರೇ. ಯಲಹಂಕದ ವೆಂಕಟರಾಮಯ್ಯ, ನಿವೃತ್ತ ಮೇಷ್ಟ್ರು, ಕೈಯಲ್ಲಿ ಕೊಡೆ, ಹಿಂದೆ ಸಮಾಧಾನ ಮಾಡುತ್ತಾ ಇಳಿಯುತ್ತಿರುವ ಸೆಕ್ಯುರಿಟಿಯವನು.

“ಕಿವಿ ಮಷಿನ್ ರೀ! ಕಿವಿ ಮಷಿನ್! ನಿನ್ನೆ ಸಾಯಂಕಾಲ ಆರೂಮುಕ್ಕಾಲು, ಇದೇ ಮೆಟ್ಟಿಲು! ಯಾರದೋ ಬ್ಯಾಗು ಬಂದು ಬಡೀತು! ಬಿದ್ದೋಗಿದೆ!”

ಕಿವಿಯಿಂದ ಯಂತ್ರ ಬಿದ್ದದ್ದು ಅವರಿಗೆ ತಕ್ಷಣ ತಿಳಿದಿರಲಿಲ್ಲ. ಬೆಂಗಳೂರು ಇದ್ದಕ್ಕಿದ್ದಂತೆ ಶಾಂತವಾಯಿತಲ್ಲ ಎಂದು ಸಂತೋಷದಿಂದ ಯಲಹಂಕದವರೆಗೂ ಹೋದರಂತೆ. ಮನೆಯಲ್ಲಿ ಹೆಂಡತಿಯ ಬಾಯಿ ಮಾತ್ರ ಆಡುತ್ತಿರುವುದು ಕಂಡಾಗ, ಈ ಶಾಂತಿ ಸಹಜವಾದದ್ದಲ್ಲ ಎಂದು ಅನುಮಾನ ಬಂದು ಕಿವಿ ಮುಟ್ಟಿ ನೋಡಿಕೊಂಡರಂತೆ.

ಸತೀಶ್ ಎದೆ ಸೆಟೆಸಿದ. “ಸಾರಿ ಸಾರ್. ನಮ್ಮಲ್ಲಿ ನಿನ್ನೆ ಕಸ ನಿನ್ನೇನೇ ಹೋಗ್ಬಿಡುತ್ತೆ. ರಾತ್ರಿ ಹತ್ತಕ್ಕೆ ಎಲ್ಲಾ ಲಾರಿಗೆ. ನಿನ್ನೆದು ಅಂತ ಒಂದ್ ಚೂರೂ...”

ಎಲ್ಲರೂ ಮೂಲೆಯ ಕಡೆ ತಿರುಗಿದರು.

ಮುನಿಯಲ್ಲಮ್ಮ ಸೀರೆ ಒತ್ತಿಕೊಂಡು ಕುಕ್ಕರುಗಾಲಲ್ಲಿ ಕುಳಿತಳು. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಬೆರಳಾಡಿಸಿದಳು. ಬಾಡಿದ ಮಲ್ಲಿಗೆ, ಸಿಪ್ಪೆ, ಟಿಕೆಟು, ಕೂದಲ ಉಂಡೆ. ಕೊನೆಗೆ ಎರಡು ಬೆರಳ ನಡುವೆ ಒಂದು ಸಣ್ಣ, ಬಾಗಿದ, ಮೈಬಣ್ಣದ ವಸ್ತು ಎತ್ತಿ ಹಿಡಿದಳು.

“ಇದಾ ಸಾಮಿ? ಗೋಡಂಬಿ ಇದ್ದಂಗದೆ.”

ವೆಂಕಟರಾಮಯ್ಯನವರ ಕಣ್ಣಲ್ಲಿ ನೀರು ಬಂತು. ಯಂತ್ರವನ್ನು ಕರ್ಚೀಫಿನಲ್ಲಿ ಒರೆಸಿ, ಕಿವಿಗೆ ಸಿಕ್ಕಿಸಿಕೊಂಡರು. “ಅಮ್ಮಾ ತಾಯಿ! ಏನ್ ಬೇಕು ಕೇಳು! ಯಾರ ಹತ್ರ ಹೇಳ್ಬೇಕೋ ಹೇಳು, ನಾನ್ ಹೇಳ್ತೀನಿ!”

ಎರಡು ವರ್ಷದಲ್ಲಿ ಆಕೆಯನ್ನು ಹೀಗೆ ಕೇಳಿದವರು ಯಾರೂ ಇರಲಿಲ್ಲ. ಮ್ಯಾನೇಜರ್ ಎದುರಿಗೇ ನಿಂತಿದ್ದಾರೆ. ಮುನಿಯಲ್ಲಮ್ಮ ಎದ್ದು ನಿಂತು, ಕೈಮುಗಿದು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು.

“ನಂಗೆ ಬೆಳ್ಗಿನ ಪಾಳಿ ಕೊಡ್ಸಿ ಸಾಮಿ. ಮನೇಲಿ ದೀಪ ಅಚ್ಚೋರಿಲ್ಲ.”

“ಆಗಲಿ! ಆಗಲಿ! ನಿನ್ನ ಮಕ್ಕಳು ಮರಿ ತಣ್ಣಗಿರಲಿ!” ಎಂದು ಮೇಷ್ಟ್ರು ಎರಡೂ ಕೈ ಎತ್ತಿ ಹರಸಿದರು. ಆಮೇಲೆ ನಮಗೆಲ್ಲ ಹೊಳೆಯಿತು: ರಾತ್ರಿಯಿಡೀ ಆನ್ ಆಗಿಯೇ ಇದ್ದ ಯಂತ್ರದ ಬ್ಯಾಟರಿ ಮುಗಿದಿತ್ತು. ಅವರಿಗೆ ಒಂದು ಅಕ್ಷರವೂ ಕೇಳಿಸಿರಲಿಲ್ಲ.

ಮೇಷ್ಟ್ರು ಕೃತಘ್ನರಲ್ಲ. ಮಾರನೆಯ ದಿನವೇ ಕಂಪನಿಗೆ ಎರಡು ಪುಟದ ಪತ್ರ ಬರೆದರು, ಹಳೇ ಕಾಲದ ಕನ್ನಡದಲ್ಲಿ, ಒಂದು ತಪ್ಪಿಲ್ಲದೆ. ಅದರ ಕೊನೆಯ ಸಾಲು ಹೀಗಿತ್ತು: ‘ಇಂತಹ ಮಹಿಳೆಯು ಸಾಯಂಕಾಲದ ಪಾಳಿಯಲ್ಲಿ ಸದಾಕಾಲ ಇರತಕ್ಕದ್ದು ಪ್ರಯಾಣಿಕರ ಪಾಲಿನ ಪುಣ್ಯವೇ ಸರಿ.’

ಒಂದು ವಾರದಲ್ಲಿ ಮುನಿಯಲ್ಲಮ್ಮನ ಕೈಗೆ ಮೂರು ಕಾಗದ ಬಂದವು. ನನ್ನ ಅಡುಗೆಮನೆಯ ಕಟ್ಟೆ ಮೇಲೆ ಹರಡಿ, ಓದಿ ಎಂದಳು. ಮೊದಲನೆಯದು ಬಂಗಾರದ ಅಂಚಿನ ಪ್ರಶಂಸಾ ಪತ್ರ. ಎರಡನೆಯದು, ಒಣಗಿದ ನೆಲದ ಮೇಲೆ ಒದ್ದೆ ಬೋರ್ಡು ಇಟ್ಟು ಸಂಸ್ಥೆಯ ಆಸ್ತಿಯನ್ನು ದುರುಪಯೋಗ ಮಾಡಿದ್ದಕ್ಕೆ ಮೆಮೋ. ಎರಡರಲ್ಲೂ ತಾರೀಖು ಒಂದೇ, ಸಹಿಯೂ ಒಂದೇ. ಮೂರನೆಯದು ಹೊಸ ಆದೇಶ: ಇನ್ನು ಮುಂದೆ ಸಂಜೆಯ ಪಾಳಿಯವರೆಲ್ಲ ಆರು ಗಂಟೆಯ ನಂತರದ ಕಸವನ್ನು ಎಸೆಯದೆ, ಆಯಾ ಮೂಲೆಯಲ್ಲಿಯೇ ಗುಡ್ಡೆ ಮಾಡಿ, ಬೆಳಗಿನವರೆಗೆ ಕಾಯ್ದಿಡತಕ್ಕದ್ದು. ಉಸ್ತುವಾರಿ: ಮುನಿಯಲ್ಲಮ್ಮ. ಪಾಳಿ: ಸಂಜೆ, ಖಾಯಂ.

ಖಾಯಂ ಎಂಬ ಮಾತು ಕೇಳಲು ಆ ಮನೆಯವರು ಮೂರು ತಲೆಮಾರಿನಿಂದ ಹಂಬಲಿಸಿದ್ದರು. ಬಂದದ್ದು ಹೀಗೆ.

“ಇವ್ರ್ ಮನೆ ಕಾಯ್ವಾಗ!” ಎಂದಳು ಮುನಿಯಲ್ಲಮ್ಮ. “ಏನ್ ಕೇಳುದ್ರೂ ಕಾಗ್ದ ಕೊಡ್ತಾರಲ್ಲಕ್ಕ. ಇಂಗಾದ್ರೆ ಸಾಯಗಂಟ ಸಂಜೆನೇ.”

“ಇನ್ನೊಂದು ಅರ್ಜಿ ಬರೀಲಾ?”

“ಬ್ಯಾಡ. ನೀವ್ ಬರ್ದಷ್ಟೂ ಅವ್ರೂ ಬರೀತಾರೆ.” ಪ್ರಶಂಸಾ ಪತ್ರವನ್ನು ನನ್ನ ಹತ್ತಿರವೇ ಬಿಟ್ಟು ಹೋದಳು. ಈಗಲೂ ಅದು ನನ್ನ ಫ್ರಿಜ್ಜಿನ ಮೇಲಿದೆ, ಉಪ್ಪಿನಕಾಯಿ ಜಾಡಿಯ ಕೆಳಗೆ.

ಮಾರನೆಯ ಸಂಜೆ ನಾನು ಲೈನು ಬದಲಿಸಲು ಇಳಿದಾಗ ಸತೀಶ್ ಬಿರುಸಿನಲ್ಲಿದ್ದ. ಎಲ್ಲ ಮೂಲೆಗಳಲ್ಲೂ ಆದೇಶದ ಪ್ರಕಾರ ಗುಡ್ಡೆಗಳು ಎದ್ದಿದ್ದವು. ಅವನು ಒಂದೊಂದಕ್ಕೂ ಹಸಿರು ವೃತ್ತ ಎಳೆದು ಫೋಟೋ ಕಳಿಸುತ್ತಿದ್ದ. ಸಿ ಗೇಟಿನ ಬುಡದಲ್ಲಿ ಮುನಿಯಲ್ಲಮ್ಮ ಗುಡಿಸಿ ಮುಗಿಸಿ, ಮೇಲೆ ನೋಡುತ್ತಾ ನಿಂತಿದ್ದಳು. ಕರ್ಚೀಫಿನಷ್ಟು ಆಕಾಶ ಕುಂಕುಮಕ್ಕೆ ತಿರುಗುವುದನ್ನೇ ಕಾಯುತ್ತಿದ್ದಳು. ತಿರುಗಿತು. ತಗಡು ಎತ್ತಿದಳು. ಕಪ್ಪು ಚೀಲದ ಬಾಯಿ ಅಗಲಿಸಿದಳು. ಈ ಸಲ ಕೈ ಹಿಂದೆ ಮುಂದೆ ಆಗಲಿಲ್ಲ. ಕಸವೆಲ್ಲ ಸರ್ರನೆ ಒಳಗೆ ಹೋಯಿತು. ತಗಡಿನ ಬೆನ್ನಿಗೆ ಎರಡು ಏಟು ಹೊಡೆದು, ಅಂಟಿಕೊಂಡಿದ್ದ ಧೂಳನ್ನೂ ಬೀಳಿಸಿದಳು.

ಸತೀಶ್ ಓಡಿ ಬಂದ. “ಅಯ್ಯೋ ಅಮ್ಮಾ, ಏನ್ಮಾಡಿದ್ರಿ! ಗುಡ್ಡೆ ಎಲ್ಲಿ?”

“ಎಸ್ದೆ ಸಾರ್. ಕ್ಲೀನ್ ಫೋಟೋ ಬೇಕು ಅಂದಿದ್ರಲ್ಲ, ತಗಳಿ.”

“ಅದು ಆವಾಗ! ಈಗ ಗುಡ್ಡೆ ಕಂಪಲ್ಸರಿ! ನೀವೇ ಇನ್‌ಚಾರ್ಜು!”

“ನಂಗ್ ಮರೆವು ಸಾರ್. ವಯಸ್ಸಾಯ್ತು. ಸಂಜೆ ಆದ್ರೆ ತಲೆ ಓಡಾಕಿಲ್ಲ.”

ಅವನು ತಲೆ ಚಚ್ಚಿಕೊಂಡು ಹೋದ ಮೇಲೆ ನಾನು ಹತ್ತಿರ ಹೋದೆ.

“ಲಕ್ಷ್ಮಿ ಹೊರಟುಹೋಗಲ್ವಾ ಮುನಿಯಲ್ಲಮ್ಮ?” ಎಂದೆ. ಕೇಳಬಾರದಿತ್ತು, ಬಾಯಿಗೆ ಬಂದುಬಿಟ್ಟಿತು.

“ಓಗ್ಲಿ ಅಂತ್ಲೇ ಎಸ್ದಿದ್ದು ಕಣಕ್ಕ.” ಚೀಲದ ಬಾಯಿ ಬಿಗಿದು ಗಂಟು ಹಾಕಿದಳು. “ಇಲ್ಲಿಂದ ಓದ್ರೆ ಎಲ್ಗಾದ್ರೂ ಓಗ್ಲೇಬೇಕಲ್ಲ? ದಾರಿ ಏಳಿವ್ನಿ. ಅಸ್ರು ಲೈನು, ಜಾಲಳ್ಳೀಲಿ ಇಳ್ಕೊ, ನಾಕು ಮಹಡಿ ಮನೆ ದಾಟಿ ಹಿಂದುಕ್ ಬಾ ಅಂತ.”

ಆಕೆ ಒಂಬತ್ತು ದಿನ ಹೀಗೆ ಲಕ್ಷ್ಮಿಯನ್ನು ಹೊರಗೆ ಹಾಕಿದಳು. ಒಂಬತ್ತು ದಿನವೂ ಗ್ರೂಪಿನಲ್ಲಿ ಖಾಲಿ ಮೂಲೆಯ ಫೋಟೋ, ಸುತ್ತ ಕೆಂಪು ವೃತ್ತ, ‘ಗುಡ್ಡೆ ಎಲ್ಲಿ???’ ಹತ್ತನೆಯ ದಿನ ನಾಲ್ಕನೇ ಕಾಗದ ಬಂತು: ಪದೇಪದೇ ಹೇಳಿದರೂ ಕಸ ಉಳಿಸಲು ವಿಫಲಳಾದ ಕಾರಣ, ಈಕೆಯನ್ನು ಸಂಜೆಯ ಪಾಳಿಗೆ ಅನರ್ಹಳೆಂದು ಪರಿಗಣಿಸಿ, ಶಿಕ್ಷೆಯ ರೂಪದಲ್ಲಿ ಬೆಳಗಿನ ಪಾಳಿಗೆ ಹಾಕಲಾಗಿದೆ.

ಇಲ್ಲಿಗೆ ಕಥೆ ಮುಗಿಸಿದ್ದರೆ ನನಗೂ ಸಮಾಧಾನವಾಗುತ್ತಿತ್ತು. ಆದರೆ ಬೆಳಗಿನ ಪಾಳಿ ಶುರುವಾಗುವುದು ಐದಕ್ಕೆ. ಮೊದಲ ರೈಲು ಹೊರಡುವುದೂ ಐದಕ್ಕೆ. ಮೆಟ್ರೋ ಗುಡಿಸಲು ಹೋಗುವವಳಿಗೆ ಮೆಟ್ರೋ ಸಿಗುವುದಿಲ್ಲ ಎಂಬ ಈ ಸಣ್ಣ ಸಂಗತಿಯನ್ನು ನಾಲ್ಕು ಅರ್ಜಿ ಬರೆದ ನಾನೂ ಯೋಚಿಸಿರಲಿಲ್ಲ. ಕಂಪನಿಯ ವ್ಯಾನು ಮೂರೂಮುಕ್ಕಾಲಿಗೆ ಮುಖ್ಯರಸ್ತೆಗೆ ಬರುತ್ತದೆ, ಊರೆಲ್ಲ ಸುತ್ತಿ ಹೆಂಗಸರನ್ನು ತುಂಬಿಕೊಂಡು ಹೋಗುತ್ತದೆ. ಮುನಿಯಲ್ಲಮ್ಮ ಮೂರಕ್ಕೆ ಏಳುತ್ತಾಳೆ.

ಅಜ್ಜಿ ಮನೆಯಲ್ಲಿರುವುದರಿಂದ ಮೊಮ್ಮಗಳು ಇಂದು ಈಗ ಟ್ಯೂಷನ್ ಮುಗಿದ ಕೂಡಲೇ ಬಂದುಬಿಡುತ್ತಾಳೆ. ನಿನ್ನೆ ನನಗೆ ರಜೆ. ಸಂಜೆ ಆರೂವರೆಗೆ ಅಡುಗೆಮನೆಯ ಕಿಟಕಿ ತೆರೆದೆ. ಹೊಸಿಲಲ್ಲಿ ಹಿತ್ತಾಳೆ ದೀಪ ಉರಿಯುತ್ತಿತ್ತು. ಬಾಗಿಲು ಪೂರ್ತಿ ತೆರೆದಿತ್ತು. ದೀಪದ ಪಕ್ಕದಲ್ಲಿ ಗೋಡೆಗೆ ಒರಗಿ ಮುನಿಯಲ್ಲಮ್ಮ ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದಳು. ಮೊಮ್ಮಗಳು ಪೆನ್ಸಿಲ್ ಹೆರೆದ ಸಿಪ್ಪೆಯನ್ನು ಗುಡಿಸಿ, ಅಜ್ಜಿಯ ಕಾಲು ದಾಟಿಕೊಂಡು, ಸದ್ದಿಲ್ಲದೆ ಹೊರಗೆ ಚೆಲ್ಲಲು ಹೊರಟಿದ್ದಳು.

“ಆಚ್ಗಾಕ್ಬ್ಯಾಡ ಕಣೇ,” ಎಂದಳು ಮುನಿಯಲ್ಲಮ್ಮ, ಕಣ್ಣು ಬಿಡದೆ. “ಮೂಲೇಲಿರ್ಲಿ.”

“ಎದ್ದಿದೀರಾ ಮುನಿಯಲ್ಲಮ್ಮ?” ಎಂದು ಕಿಟಕಿಯಿಂದ ಕೂಗಿದೆ.

“ಎಲ್ಲಿ ಏಳದು ಕಣಕ್ಕ! ದೀಪ ಅಚ್ಬೇಕು ಅಂತ ಇಷ್ಟೆಲ್ಲಾ ಬಡ್ದಾಡ್ದೆ. ಅಚ್ಚಿದ್ ದೀಪ ನೋಡನ ಅಂದ್ರೆ ಕಣ್ ಬುಡಾಕಾಗ್ತಿಲ್ಲ.” ಒಂದು ಕಣ್ಣನ್ನು ಕಷ್ಟಪಟ್ಟು ಅರ್ಧ ತೆರೆದು ದೀಪದ ಕಡೆ ನೋಡಿದಳು. “ಉರೀತಾ ಐತಾ?”

“ಉರೀತಾ ಇದೆ.”

“ಲಕ್ಸ್ಮಿ ಏನಾರ ಬಂದ್ರೆ ಎಬ್ಬುಸ್ರಿ” ಎಂದು ಹೇಳಿ, ತಲೆಯನ್ನು ಮತ್ತೆ ಗೋಡೆಗೆ ಒರಗಿಸಿದಳು.